ಇನ್ನೊಂದು ಎಡೆಕುಂಟೆ
ಪುಣೆಯ ಕಚೇರಿಯಲ್ಲಿ ಊಟಕ್ಕೆ ಕೂತಾಗ ಸೋಲಾಪುರದ ಗೆಳೆಯ, ಊರಲ್ಲಿ ‘ಕೋಳಪೆ’ ಹೊಡೆಯಲು ಆಳಿಲ್ಲವೆಂದ. ಕೇಳಿದರೆ, ಅದು ನಮ್ಮ ವಿಜಯಪುರದ ಎಡೆಕುಂಟೆ!

ಹಿಂಗಾರಿ ಜೋಳದ ಸಾಲುಗಳ ನಡುವೆ ಜೋಡೆತ್ತು, ಬಾಯಿಗೆ ಕುಕ್ಕೆ, ಹಿಂದೆ ಎರಡು ಕುಂಟೆ. ಒಂದು ಅಪ್ಪನದು, ಇನ್ನೊಂದು ನನ್ನದು. ಕುಡ ಮಣ್ಣೊಳಗೇ ಕಸ ಕೊಯ್ಯುತ್ತಿತ್ತು. ಕೈ ವಾಲಿದರೆ ಜೋಳವೂ ಹೋಗುತ್ತಿತ್ತು.

ಹೋದ ವರ್ಷ ಫೋನಿನಲ್ಲಿ, ‘ರೊಕ್ಕ ಕಳಸ್ತೇನಿ, ಕಸಕ್ಕ ಎಣ್ಣಿ ಹೊಡಸಪ್ಪಾ’ ಎಂದೆ.

‘ಎಣ್ಣಿಗಿ ಕಸ ಸಾಯತೈತಿ ಖರೆ, ನೆಲದ ಬಿರುಕು ಯಾರು ಮುಚ್ಚತಾರ ತಮ್ಮಾ?’ ಅಂದ.

ಎರೆಭೂಮಿ ಒಣಗಿದಂತೆ ಬಿರಿಯುತ್ತದೆ. ಎಡೆ ಹೊಡೆದರೆ ಸಡಿಲು ಮಣ್ಣು ಬಿರುಕು ತುಂಬಿ ತೇವ ಕಾಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಜೋಳಕ್ಕೆ ಅದೇ ನೀರು.

ಈ ಸಲ ರೊಕ್ಕ ಕಳಿಸಿಲ್ಲ, ನಾಲ್ಕು ದಿನ ರಜೆ ಹಾಕಿದ್ದೇನೆ. ಅಪ್ಪನ ಪಕ್ಕದ ಕುಂಟೆ ಖಾಲಿ ಇದೆ.