ಕೊಟೇಶನ್ನಿನ ಕೊನೆಯ ಸಾಲು

2025ರ ಆಯುಧಪೂಜೆಗೆ ಎರಡು ದಿನ ಇರುವಾಗ ತಂಗಿಯ ಮಗನ ಜೊತೆ ಹಾಸನದ ಒಂದು ಬೈಕ್ ಶೋರೂಮಿಗೆ ಹೋಗಿದ್ದೆ. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಆಗಷ್ಟೇ ಇಳಿದಿತ್ತು. ಕೂರಲು ಕುರ್ಚಿ ಸಿಗದಷ್ಟು ಜನ. ಸೇಲ್ಸ್ ಹುಡುಗ ಕೊಟೇಶನ್ ಬರೆದು ನಮ್ಮ ಕಡೆ ತಿರುಗಿಸಿದ. ಎಕ್ಸ್ ಶೋರೂಂ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಆಕ್ಸೆಸರೀಸ್. ಎಲ್ಲದರ ಕೆಳಗೆ ‘ಇ.ಡಬ್ಲ್ಯು.’ ಎಂದು ಬರೆದು ಎರಡು ಸಾವಿರದ ಆಸುಪಾಸಿನ ಒಂದು ಮೊತ್ತ. ಏನಿದು ಅಂತ ಕೇಳಿದೆ.

“ಎಕ್ಸ್‌ಟೆಂಡೆಡ್ ವಾರಂಟಿ ಸರ್. ಎಲ್ರೂ ಹಾಕಿಸ್ಕೊಳ್ತಾರೆ. ಐದು ವರ್ಷ ಒಂದ್ರೂಪಾಯಿ ಖರ್ಚಿರಲ್ಲ.”

ಅಳಿಯ ನನ್ನ ಮುಖ ನೋಡಿದ. “ಲಕ್ಷದ ಮೇಲೆ ಕೊಡ್ತಿದೀವಿ ಮಾವ, ಎರಡು ಸಾವಿರಕ್ಕೆ ಯಾಕೆ ಯೋಚನೆ?”

ಎರಡು ಸಾವಿರಕ್ಕಿಂತ ಆ ‘ಒಂದ್ರೂಪಾಯಿ ಖರ್ಚಿರಲ್ಲ’ ಅನ್ನುವ ಮಾತೇ ನನಗೆ ಯೋಚನೆ ಹಚ್ಚಿದ್ದು. ಅದನ್ನು ನಂಬಿ ದುಡ್ಡು ಕಟ್ಟಿದವರು ನಾಲ್ಕನೇ ವರ್ಷ ಸರ್ವೀಸ್ ಸೆಂಟರಿನಲ್ಲಿ ಬಿಲ್ ಹಿಡಿದು ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಹಾಗೆ ನಿಂತವನು ನಾನೇ. ಹಾಗಂತ ಈ ವಾರಂಟಿ ಮೋಸ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಕೆಲವರಿಗೆ ಅದು ನಿಜಕ್ಕೂ ಬೇಕು. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದನ್ನು ಅವರ ಗಾಡಿಯ ಮೀಟರು ಮತ್ತು ಸರ್ವೀಸ್ ಪುಸ್ತಕ ಹೇಳುತ್ತವೆ.

“ವಾರಂಟಿ ಇದ್ದರೆ ಎಲ್ಲಾ ರಿಪೇರಿಯೂ ಪುಕ್ಕಟೆ”

ಇಲ್ಲ. ವಾರಂಟಿ ಕೊಡುವುದು ಒಂದೇ ಮಾತು: ತಯಾರಿಕೆಯ ಲೋಪದಿಂದಲೋ ಬಳಸಿದ ವಸ್ತುವಿನ ದೋಷದಿಂದಲೋ ಒಂದು ಭಾಗ ಕೆಟ್ಟರೆ ಅದನ್ನು ಸರಿಮಾಡಿಕೊಡುತ್ತೇವೆ ಅಥವಾ ಬದಲಿಸಿಕೊಡುತ್ತೇವೆ. ಬಳಸಿ ಸವೆದದ್ದು ಆ ಮಾತಿನೊಳಗೆ ಬರುವುದಿಲ್ಲ. ಬ್ರೇಕ್ ಶೂ, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್ ಸೆಟ್, ಕೇಬಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬಲ್ಬು, ರಬ್ಬರ್ ಭಾಗಗಳು, ಎಂಜಿನ್ ಆಯಿಲ್ ಎಲ್ಲವೂ ನಮ್ಮ ಜೇಬಿನ ಲೆಕ್ಕ. ಟೈರಿಗೂ ಬ್ಯಾಟರಿಗೂ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದ ಕಂಪನಿಗಳ ಪ್ರತ್ಯೇಕ ವಾರಂಟಿ ಇರುತ್ತದೆ. ಒಂದು ಗಾಡಿಯ ಐದು ವರ್ಷದ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತು ನೋಡಿ, ಹೆಚ್ಚಿನ ಹಣ ಹೋಗಿರುವುದು ಈ ಸಾಮಾನುಗಳಿಗೇ.

ನನಗೆ ಈ ಪಾಠವಾದದ್ದು ಫೋರ್ಕ್ ಆಯಿಲ್ ಸೀಲಿನಿಂದ. ಮುಂದಿನ ಶಾಕ್‌ಅಬ್ಸಾರ್ಬರಿನ ಕೊಳವೆಯ ಮೇಲೆ ಎಣ್ಣೆಯ ತೆಳು ಪದರ, ಅದಕ್ಕೆ ಮೆತ್ತಿಕೊಂಡ ಕೆಂಪು ಧೂಳು. ಎಕ್ಸ್‌ಟೆಂಡೆಡ್ ವಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಗಾಡಿ ಬಿಟ್ಟುಬಂದೆ. ಸಂಜೆ ಜಾಬ್ ಕಾರ್ಡಿನಲ್ಲಿ ಸೀಲ್, ಫೋರ್ಕ್ ಆಯಿಲ್, ಕೂಲಿ ಮೂರರ ಎದುರೂ ‘ಪೇಯ್ಡ್’ ಎಂದಿತ್ತು. ಜಗಳಕ್ಕೆ ನಿಂತೆ. ಅಡ್ವೈಸರ್ ಪುಸ್ತಕ ತೆಗೆದು ಹೊರತುಪಡಿಸಿದ ಭಾಗಗಳ ಪಟ್ಟಿಯ ಮೇಲೆ ಬೆರಳಿಟ್ಟ. ‘ಆಯಿಲ್ ಸೀಲ್’ ಆ ಪಟ್ಟಿಯಲ್ಲೇ ಇತ್ತು. ಮಾರುವಾಗ ಯಾರೂ ಆ ಪುಟ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಎಕ್ಸ್‌ಟೆಂಡೆಡ್ ಅವಧಿಯಲ್ಲಿ ಒಳಗೊಳ್ಳುವ ಭಾಗಗಳ ಪಟ್ಟಿ ಮೊದಲಿನ ವಾರಂಟಿಯ ಪಟ್ಟಿಗಿಂತ ಚಿಕ್ಕದಿರಬಹುದು ಎಂಬುದೂ ನನಗೆ ಗೊತ್ತಾದದ್ದು ಆವತ್ತೇ. ಅದಕ್ಕೇ ಈಗ ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ: ಏನೇನು ಸೇರಿದೆ ಎಂಬ ಪುಟವನ್ನಲ್ಲ, ಏನೇನು ಸೇರಿಲ್ಲ ಎಂಬ ಪುಟವನ್ನು ಓದಿ.

“ಇನ್ಶೂರೆನ್ಸ್, ಎಎಂಸಿ, ವಾರಂಟಿ ಎಲ್ಲ ಒಂದೇ ಥರ”

ನಾಲ್ಕು ಬೇರೆ ಬೇರೆ ವಸ್ತುಗಳು ಒಂದೇ ಮೇಜಿನ ಮೇಲೆ ಮಾರಾಟವಾಗುವುದರಿಂದ ಈ ಗೊಂದಲ. ಗಾಡಿ ಬಿದ್ದು ಮುರಿದರೆ, ಕಳುವಾದರೆ, ನೀರಲ್ಲಿ ಮುಳುಗಿದರೆ ಇನ್ಶೂರೆನ್ಸ್. ಕಾಲಕಾಲದ ಸರ್ವೀಸಿನ ಕೂಲಿ, ಆಯಿಲ್ ಇತ್ಯಾದಿಗೆ ಮುಂಗಡ ಕಟ್ಟುವುದು ಎಎಂಸಿ. ದಾರಿಯಲ್ಲಿ ಕೆಟ್ಟು ನಿಂತರೆ ಬಂದು ಎತ್ತಿಕೊಂಡು ಹೋಗುವುದು ರೋಡ್‌ಸೈಡ್ ಅಸಿಸ್ಟೆನ್ಸ್. ಭಾಗದೊಳಗಿನ ದೋಷಕ್ಕೆ ಮಾತ್ರ ವಾರಂಟಿ.

2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ನಿಂತ ಗಾಡಿಗಳು ಮುಳುಗಿದವು. ನೀರು ಹೊಕ್ಕ ಎಂಜಿನ್ನಿಗೆ ಯಾವ ವಾರಂಟಿಯೂ ಬರುವುದಿಲ್ಲ. ಅದು ತಯಾರಿಕೆಯ ದೋಷವಲ್ಲ. ಇನ್ಶೂರೆನ್ಸಿನಲ್ಲೂ ಸ್ವಂತ ಗಾಡಿಯ ಹಾನಿಗೆ ರಕ್ಷಣೆ ಚಾಲ್ತಿಯಲ್ಲಿರಬೇಕು. ಇಲ್ಲೊಂದು ದೊಡ್ಡ ಹೊಂಡವಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮಿಂದ ಬೇರೆಯವರಿಗೆ ಆದ ಹಾನಿಗೆ. ನಮ್ಮ ಗಾಡಿಗಾಗುವ ಹಾನಿಯ ವಿಮೆ ಬಹಳ ಸಲ ಒಂದೇ ವರ್ಷಕ್ಕಿರುತ್ತದೆ. ಪತ್ರದ ಮೇಲೆ ‘5 ವರ್ಷ’ ಎಂದು ಕಂಡು ನೆಮ್ಮದಿಯಾಗಿರುವವರು ಎರಡನೇ ವರ್ಷ ಬಿದ್ದಾಗ ಬರಿಗೈಯಲ್ಲಿರುತ್ತಾರೆ. ಕೈಯಲ್ಲಿ ಎರಡೇ ಸಾವಿರ ಇದ್ದರೆ, ವಾರಂಟಿ ವಿಸ್ತರಿಸುವುದಕ್ಕಿಂತ ಈ ವಿಮೆಯನ್ನು ನವೀಕರಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

“ಐದು ವರ್ಷ ಅಂದರೆ ಐದು ವರ್ಷ”

ಜೊತೆಗೊಂದು ಕಿಲೋಮೀಟರ್ ಮಿತಿ ಇರುತ್ತದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಹೀರೋ ಬೈಕುಗಳಿಗೆ ಕಂಪನಿಯೇ ಕೊಡುವ ವಾರಂಟಿ 5 ವರ್ಷ ಅಥವಾ 70,000 ಕಿ.ಮೀ. ಎಂಬುದನ್ನೇ ತೆಗೆದುಕೊಳ್ಳಿ. ದಿನಕ್ಕೆ 100 ಕಿ.ಮೀ.ಯಂತೆ ತಿಂಗಳಲ್ಲಿ 26 ದಿನ ಓಡಾಡುವವರು 2,600 ಕಿ.ಮೀ. ಮುಗಿಸುತ್ತಾರೆ. 27ನೇ ತಿಂಗಳಲ್ಲಿ ಮಿತಿ ಮುಟ್ಟುತ್ತದೆ. ಅದೇ ಗಾಡಿಯಲ್ಲಿ ಬೆಳಿಗ್ಗೆ ಸಂಜೆ ಎರಡು ಕಿ.ಮೀ. ದೂರದ ಡೇರಿಗೆ ಹಾಲು ಹಾಕಿ ಬರುವ ರೈತ ದಿನಕ್ಕೆ ಓಡಿಸುವುದು 8 ಕಿ.ಮೀ., ವರ್ಷಕ್ಕೆ 3,000ದ ಒಳಗೆ. ಅವನಿಗೆ ಐದು ವರ್ಷ ಕಳೆದರೂ ಮೀಟರು 15,000 ದಾಟುವುದಿಲ್ಲ. ಮೊದಲನೆಯವರಿಗೆ ಬೇಕಾದದ್ದು ಕಿಲೋಮೀಟರು, ಎರಡನೆಯವನಿಗೆ ವರ್ಷ. ಫುಡ್ ಡೆಲಿವರಿಯಂಥ ಬಾಡಿಗೆ ದುಡಿಮೆಗೆ ಗಾಡಿ ಬಳಸುವವರು ಇನ್ನೊಂದು ಷರತ್ತನ್ನೂ ಹುಡುಕಬೇಕು. ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಸಾಲು ಹಲವು ಪುಸ್ತಕಗಳಲ್ಲಿದೆ.

ಇನ್ನೊಂದು ಮಾತು. ಎಕ್ಸ್‌ಟೆಂಡೆಡ್ ವಾರಂಟಿ ಶುರುವಾಗುವುದು ಹಣ ಕಟ್ಟಿದ ದಿನದಿಂದಲ್ಲ, ಕಂಪನಿಯ ವಾರಂಟಿ ಮುಗಿದ ಮೇಲೆ. 3 ವರ್ಷದ ವಾರಂಟಿ ಇರುವ ಗಾಡಿಗೆ 2 ವರ್ಷ ಸೇರಿಸಿದರೆ ನೀವು ಕೊಳ್ಳುತ್ತಿರುವುದು ನಾಲ್ಕನೆಯ ಮತ್ತು ಐದನೆಯ ವರ್ಷವನ್ನು ಮಾತ್ರ.

“ಹಳತಾದ ಮೇಲೇ ಕೆಡೋದು, ಆಗಲೇ ವಾರಂಟಿ ಬೇಕು”

ಅರ್ಧ ನಿಜ. ಯಂತ್ರಗಳು ಕೆಡುವ ರೀತಿಯನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ಗೆರೆಯಲ್ಲಿ ಬರೆಯುತ್ತಾರೆ. ಮೊದಮೊದಲು ದೋಷ ಹೆಚ್ಚು, ಆಮೇಲೆ ಬಹುಕಾಲ ಕಡಿಮೆ, ಕೊನೆಗೆ ಸವೆದು ಮತ್ತೆ ಹೆಚ್ಚು. ಕಾರ್ಖಾನೆಯ ಲೋಪವಿದ್ದರೆ ಬಹುಮಟ್ಟಿಗೆ ಮೊದಲಲ್ಲೇ ಬಯಲಾಗುತ್ತದೆ. ಅದಕ್ಕೆ ಹೇಗೂ ಕಂಪನಿಯ ವಾರಂಟಿ ಇದೆ. ಕೊನೆಯ ಸವೆತಕ್ಕೆ ಯಾವ ವಾರಂಟಿಯೂ ಇಲ್ಲ. ವಿಸ್ತರಿಸಿದ ವಾರಂಟಿ ಕಾಯುವುದು ನಡುವಿನ ತಗ್ಗು ಭಾಗವನ್ನು. ಆದ್ದರಿಂದಲೇ ಅದನ್ನು ಕಂಪನಿಗಳು ಆ ಬೆಲೆಗೆ ಮಾರಬಲ್ಲವು.

ಹಾಗಿದ್ದೂ ಒಂದು ವರ್ಗದ ಗಾಡಿಗಳಿಗೆ ನಾನು ಅದನ್ನು ಬೇಡ ಅನ್ನುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದು ಬಹುತೇಕ ಗಾಡಿಗಳಲ್ಲಿ ಕಾರ್ಬುರೇಟರಿನ ಜಾಗದಲ್ಲಿ ಫ್ಯೂಯಲ್ ಇಂಜೆಕ್ಷನ್ ಕೂತಿತು. ಮುಂಚೆ ಊರಿನ ಮೆಕ್ಯಾನಿಕ್ ಜೆಟ್ಟಿಗೆ ಗಾಳಿ ಊದಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಗಾಡಿ ಸರಿಮಾಡುತ್ತಿದ್ದ. ಇವತ್ತು ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ಫ್ಯೂಯಲ್ ಪಂಪ್, ಎಬಿಎಸ್ ಯೂನಿಟ್, ಡಿಜಿಟಲ್ ಮೀಟರು ಕೆಟ್ಟರೆ ಬಿಚ್ಚಿ ಸರಿಮಾಡುವುದು ಅಪರೂಪ, ಇಡೀ ಭಾಗವನ್ನೇ ಬದಲಿಸುತ್ತಾರೆ. ಅವು ಸವೆಯುವ ವಸ್ತುಗಳಲ್ಲ, ಕೆಡುವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಇಂಥವುಗಳಲ್ಲಿ ಒಂದೇ ಒಂದು ಹೋದರೂ ವಾರಂಟಿಗೆ ಕಟ್ಟಿದ ಹಣದ ಎಷ್ಟೋ ಪಟ್ಟು ಬಿಲ್ ಆಗುತ್ತದೆ. ಕಂಪನಿಯ ವಾರಂಟಿ ಎರಡೋ ಮೂರೋ ವರ್ಷ ಮಾತ್ರ ಇದ್ದು, ಗಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚಿದ್ದು, ಅದನ್ನು ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಹಾಕಿಸಿ. ಕಂಪನಿಯೇ 5 ವರ್ಷ ಕೊಡುವ ಸರಳ 100 ಸಿಸಿ ಗಾಡಿಗೆ ಅದೇ ದುಡ್ಡಲ್ಲಿ ಒಂದು ಒಳ್ಳೆಯ ಚೈನ್ ಸೆಟ್ ಬರುತ್ತದೆ.

“ಹೊರಗೆ ಒಂದು ಸಲ ಬಿಚ್ಚಿಸಿದರೂ ವಾರಂಟಿ ಹೋಯ್ತು”

ಇಲ್ಲಿ ಹೆದರಿಕೆಯೂ ಇದೆ, ಹುಂಬತನವೂ ಇದೆ. ಕಾರು ತಯಾರಕರ ವಿರುದ್ಧದ ಒಂದು ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ ಆದೇಶ ನೀಡಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು, ಆ ತಪ್ಪು ರಿಪೇರಿಯಿಂದ ಹಾನಿಯಾದ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಆದೇಶ ಕಾರುಗಳ ಕುರಿತದ್ದು, ಮೇಲ್ಮನವಿಗಳನ್ನೂ ಕಂಡಿತು, ಆದರೆ ಅದರ ನ್ಯಾಯ ಬೈಕಿನವರಿಗೂ ಅರ್ಥವಾಗುವಂಥದ್ದು. ಪಂಕ್ಚರ್ ಹಾಕಿಸಿದ್ದಕ್ಕೆ ಇಸಿಯು ವಾರಂಟಿ ಹೋಗುವುದಿಲ್ಲ.

ಕಾಲಕಾಲದ ಸರ್ವೀಸ್ ತಪ್ಪಿಸಿದವರ ಕೈಯಲ್ಲಿ ಮಾತ್ರ ವಾದವೇ ಉಳಿಯುವುದಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿಯ ಷರತ್ತುಗಳಲ್ಲಿ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ, ಹೇಳಿದ ದಿನ ಅಥವಾ ಕಿಲೋಮೀಟರಿನೊಳಗೆ ಸರ್ವೀಸ್ ಆಗಿರಬೇಕು ಎಂಬುದು ಸಾಮಾನ್ಯ. ಫ್ರೀ ಸರ್ವೀಸ್ ಮುಗಿದ ಮೇಲೆ ಊರಿನ ಗ್ಯಾರೇಜಿಗೇ ಹೋಗುವ ಅಭ್ಯಾಸ ನಿಮ್ಮದಾದರೆ, ಅದರಲ್ಲಿ ತಪ್ಪೇನಿಲ್ಲ, ಆದರೆ ಈ ವಾರಂಟಿ ನಿಮಗಲ್ಲ.

ವೈರಿಂಗ್ ವಿಷಯವಂತೂ ಇನ್ನೂ ಸೂಕ್ಷ್ಮ. ಪಕ್ಕದ ಮನೆಯ ಹುಡುಗನೊಬ್ಬ ಮಂಜಿನಲ್ಲಿ ಸಕಲೇಶಪುರದ ಕಡೆ ಓಡಾಡಲೆಂದು ಎಲ್‌ಇಡಿ ಲೈಟು ಹಾಕಿಸಿದ್ದ. ಕೆಲವು ತಿಂಗಳಿಗೆ ಗಾಡಿ ಸ್ಟಾರ್ಟ್ ಆಗದೆ ಸರ್ವೀಸಿಗೆ ಬಿಟ್ಟ. ಮೆಕ್ಯಾನಿಕ್ ಸೀಟು ಎತ್ತಿದ, ವೈರಿನ ಕಟ್ಟನ್ನು ಬೆರಳಲ್ಲಿ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ. ಕಪ್ಪು ಇನ್ಸುಲೇಷನ್ ಟೇಪು, ಅದರೊಳಗೆ ಬ್ಲೇಡಿನಿಂದ ಕೆರೆದು ಸುತ್ತಿದ ತಾಮ್ರದ ಎಳೆ, ಅದರ ಮೇಲೆ ಹಸಿರು ಕಿಲುಬು. ಎಲೆಕ್ಟ್ರಿಕಲ್ ಭಾಗಗಳ ಕ್ಲೇಮು ಅಲ್ಲಿಗೆ ಮುಗಿಯಿತು.

“ಇವತ್ತೇ ತಗೋಬೇಕು, ಆಮೇಲೆ ಸಿಗಲ್ಲ”

ಬಹಳಷ್ಟು ಕಂಪನಿಗಳು ಆಮೇಲೂ ಕೊಡುತ್ತವೆ. ಕೆಲವು ಮೂಲ ವಾರಂಟಿ ಮುಗಿಯುವ ಮುಂಚೆ ಎನ್ನುತ್ತವೆ, ಹೋಂಡಾ 2023ರಲ್ಲಿ ತಂದ 10 ವರ್ಷದವರೆಗಿನ ಯೋಜನೆಯನ್ನಂತೂ ಗಾಡಿ ಕೊಂಡು ವರ್ಷಗಳಾದ ಮೇಲೂ ಪಡೆಯಬಹುದು. ತಡವಾದಷ್ಟೂ ಬೆಲೆ ಏರಬಹುದು, ಗಾಡಿ ಪರಿಶೀಲಿಸಿಯೇ ಕೊಡುತ್ತೇವೆ ಎನ್ನಬಹುದು. ಕೊನೆಯ ದಿನಾಂಕವನ್ನು ಬರವಣಿಗೆಯಲ್ಲಿ ಕೇಳಿ.

ಇದಿಲ್ಲದೆ ಡೆಲಿವರಿ ಇಲ್ಲ ಎಂದರೆ ಮಾತ್ರ ಬಗ್ಗಬೇಡಿ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಲೋನಿನೊಳಗೆ ಸೇರಿಸಿಬಿಡುತ್ತೇವೆ ಎಂಬ ಮಾತಿಗೂ ಲೆಕ್ಕ ಹಾಕಿ: 2,000 ರೂಪಾಯಿಗೆ ಶೇ 12ರ ಬಡ್ಡಿಯಲ್ಲಿ 36 ಕಂತು ಕಟ್ಟಿದರೆ ಸುಮಾರು 2,390 ಆಗುತ್ತದೆ, ಅದೂ ಮೂರು ವರ್ಷದ ನಂತರ ಶುರುವಾಗುವ ರಕ್ಷಣೆಗೆ. ಬರೆದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಕೇಳಿಕೊಳ್ಳಿ.

“ವಾರಂಟಿ ಮುಗಿದರೆ ನಮ್ಮ ಕಡೆ ಯಾರೂ ಇಲ್ಲ”

ಸುರಕ್ಷತೆಗೆ ಸಂಬಂಧಿಸಿದ ದೋಷ ಒಂದಿಡೀ ಬ್ಯಾಚಿನ ಗಾಡಿಗಳಲ್ಲಿದ್ದರೆ ಕಂಪನಿ ಅವನ್ನು ವಾಪಸು ಕರೆದು ಪುಕ್ಕಟೆ ಸರಿಮಾಡಿಕೊಡಬೇಕು. ಅದಕ್ಕೆ ವಾರಂಟಿ ಇರಬೇಕೆಂದಿಲ್ಲ. 2021ರ ಏಪ್ರಿಲ್ 1ರಿಂದ ಇದಕ್ಕೆ ಕಾನೂನಿನ ಬಲವೂ ಇದೆ, 7 ವರ್ಷದೊಳಗಿನ ವಾಹನಗಳಿಗೆ ಅನ್ವಯ. ಅದೇ ವರ್ಷದ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲಿನ ದೋಷಕ್ಕಾಗಿ 2,36,966 ಬೈಕುಗಳನ್ನು ತಾನಾಗಿಯೇ ಕರೆಸಿಕೊಂಡಿತ್ತು. ನ್ಯಾಯವಾದ ಕ್ಲೇಮನ್ನು ನಿರಾಕರಿಸಿದರೆ ಕಾರಣವನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಆದರೆ ದೂರಿನ ಕಾರಣ ಉಂಟಾದ ಎರಡು ವರ್ಷದೊಳಗೆ ಹೋಗಬೇಕು.

ಆವತ್ತು ಶೋರೂಮಿನಲ್ಲಿ ನಾವು ಪುಸ್ತಕ ಕೇಳಿದೆವು. ಹುಡುಗ ಡ್ರಾಯರಿನಿಂದ ತಂದುಕೊಟ್ಟ. ಗದ್ದಲದ ನಡುವೆಯೇ ಅಳಿಯ ಹೊರತುಪಡಿಸಿದ ಭಾಗಗಳ ಪುಟ ಓದಿ ಮುಗಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ. ಅವನ ಗಾಡಿಗೆ ಎಬಿಎಸ್ ಇದೆ, ಕಂಪನಿಯ ವಾರಂಟಿ ಮೂರೇ ವರ್ಷ, ಬೇಲೂರಿನ ಕೆಲಸಕ್ಕೆ ದಿನಾ ಹೋಗಿಬರಬೇಕು. “ನಿನಗೆ ಇದು ಬೇಕಾಗಬಹುದು, ಆದರೆ ಇವತ್ತಲ್ಲ. ಮೊದಲು ವರ್ಷಕ್ಕೆ ಎಷ್ಟು ಓಡುತ್ತದೆ ನೋಡು” ಎಂದೆ. ಮಿತಿಯೊಳಗೇ ಇದ್ದರೆ ಹಾಕಿಸೋದು, ಮೀರುವಂತಿದ್ದರೆ ಬಿಡೋದು ಎಂದು ಒಪ್ಪಿದ. ಸೇಲ್ಸ್ ಹುಡುಗ ಕೊನೆಯ ಸಾಲನ್ನು ಹೊಡೆದುಹಾಕಿ, ವಾರಂಟಿ ಕೊಳ್ಳಬಹುದಾದ ಕೊನೆಯ ದಿನಾಂಕವನ್ನು ಕೊಟೇಶನ್ನಿನ ಹಿಂದೆ ಬರೆದು ಸೀಲು ಹಾಕಿಕೊಟ್ಟ. ಆ ಹಾಳೆ ಈಗ ಅವನ ಆರ್‌ಸಿ ಜೊತೆಗಿದೆ. ಆ ದಿನಾಂಕಕ್ಕೆ ಒಂದು ತಿಂಗಳು ಮುಂಚೆ ಅವನ ಮೊಬೈಲಿನಲ್ಲಿ ಅಲಾರಂ ಹೊಡೆಯುತ್ತದೆ.