ಹ್ಞೂಂ ಅನ್ನಾಕ ಒಂದೀಟು ಜಾಗ

ವಿಜಯಪುರದ ಸ್ಟೇಷನ್ ರಸ್ತೆಯ ನಮ್ಮ ಮನೆಯಿಂದ ತಿಕೋಟಾಕ್ಕೆ ಕಾರಿನಲ್ಲಿ ಅರ್ಧ ತಾಸು. ಅಥಣಿ ರಸ್ತೆ ಹಿಡಿದು ಊರು ದಾಟುವಷ್ಟರಲ್ಲಿ ಒಂದು ಜಗಳ ಮುಗಿದಿರುತ್ತದೆ: ಇವತ್ತು ಏನು ಹಚ್ಚೋದು? ಎಂಟು ವರ್ಷದ ಮಗನಿಗೆ ಡೈನೊಸಾರ್ ಬೇಕು. ಹದಿಮೂರರ ಮಗಳಿಗೆ ಏನೂ ಬೇಡ, ಅವಳ ಇಯರ್‌ಫೋನ್ ಅವಳಿಗಿದೆ. ಹೆಂಡತಿಗೆ ಹಾಡು. ಕಿಟಕಿ ಬದಿ ಕೂತ ನಮ್ಮವ್ವ, ಅಂದರೆ ಮಕ್ಕಳ ಆಯಿ, ಯಾವುದಕ್ಕೂ ತಕರಾರಿಲ್ಲದವಳು. "ತಿಳಿಯೂವಂಗ ಇದ್ರ ಸಾಕು" ಅನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಒಮ್ಮೆ ಮಕ್ಕಳದೇ ಅಂತ ಹೆಸರಾದ ಒಂದು ಪಾಡ್‌ಕಾಸ್ಟ್ ಹಚ್ಚಿದೆ. ಹಿಂದೆ ಸಂಗೀತ, ಮುಂದೆ ನಗು, ನಡುವೆ ಒಬ್ಬ ಮನುಷ್ಯ ಹಳ್ಳ ತುಂಬಿ ಬಂದಹಾಗೆ ಮಾತಾಡುತ್ತಿದ್ದ. ಐದು ನಿಮಿಷ ತಡೆದುಕೊಂಡ ಅವ್ವ ಮೆಲ್ಲಗೆ ಅಂದಳು: "ಇಂವ ಹ್ಞೂಂ ಅನ್ನಾಕರೆ ಬಿಡವಲ್ಲಲ್ಲೋ."

ಮನೆಮಂದಿ ಕೂಡಿ ಕೇಳುವ ಪಾಡ್‌ಕಾಸ್ಟ್ ಆರಿಸುವುದು ಹೇಗೆ ಅಂತ ಅಷ್ಟರವರೆಗೆ ನಾನು ಏನೇನೋ ಓದಿದ್ದೆ. ವಯಸ್ಸಿಗೆ ತಕ್ಕದ್ದೇ, ಜಾಹೀರಾತು ಎಷ್ಟು, ಎಷ್ಟು ಹೊತ್ತಿನದು. ಅದೆಲ್ಲ ಸರಿಯೇ. ಆದರೆ ಅವ್ವನ ಆ ಒಂದು ಮಾತು ಬೇರೆ ಎಲ್ಲ ಅಳತೆಗೋಲುಗಳನ್ನೂ ಬದಿಗೆ ಸರಿಸಿತು. ನಮ್ಮ ಕಡೆ ಕಥೆ ಹೇಳುವವರು ಮೊದಲು ಕರಾರು ಹಾಕುತ್ತಾರೆ: ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಕಥೆ ನಿಂತಿತು. ಹುಡುಗ ಮಲಗಿದ ಅಂತ ಅರ್ಥ, ಇಲ್ಲವೇ ಮನಸ್ಸು ಬೇರೆಲ್ಲೋ ಹೋಗಿದೆ ಅಂತ. ಹೇಳುವವರು ಪ್ರತಿ ಮಾತಿನ ಕೊನೆಗೆ ಆ ಹ್ಞೂಂಗೆ ಚೂರು ಜಾಗ ಬಿಟ್ಟೇ ಮುಂದೆ ಹೋಗುತ್ತಿದ್ದರು.

ಯಂತ್ರಕ್ಕೆ ಆ ಜಾಗ ಬಿಡಲು ಬರುವುದಿಲ್ಲ ಅನ್ನುವಹಾಗಿಲ್ಲ. 2000ದ ನಂತರದ ವರ್ಷಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗಾಗಿ ಆಕಾಶವಾಣಿಯಲ್ಲಿ 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಬರುತ್ತಿದ್ದವು. ಅಂಥ ಪಾಠಗಳ ಕಸುಬು ಇರುವುದು ಮಾತಿನಲ್ಲಲ್ಲ, ಮೌನದಲ್ಲಿ. ರೇಡಿಯೊ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಮಕ್ಕಳು ಕೂಗಿ ಉತ್ತರ ಹೇಳುತ್ತಾರೆ, ಆಮೇಲೆ ರೇಡಿಯೊ ಮುಂದುವರಿಯುತ್ತದೆ. ಎಷ್ಟು ಸೆಕೆಂಡು ಸುಮ್ಮನಿರಬೇಕು ಅನ್ನುವುದನ್ನೂ ಬರೆಯುವವರು ಎಣಿಸಿ ಇಡಬೇಕು. ಸ್ಟುಡಿಯೊದಲ್ಲಿ ಕೂತು, ಕಾಣದ ಮಗುವಿನ ಉತ್ತರಕ್ಕೆ ಕಾಯುವುದು ಸಣ್ಣ ವಿದ್ಯೆಯಲ್ಲ.

ಈ ವಿದ್ಯೆಗೆ ನಮ್ಮಲ್ಲಿ ವಯಸ್ಸಾಗಿದೆ. ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಬಾನುಲಿ ಆರಂಭಿಸಿದರು. ಅವರು ಕಲಿಸುತ್ತಿದ್ದದ್ದು ಮನಃಶಾಸ್ತ್ರ ಅನ್ನುವುದನ್ನು ಮರೆಯಬಾರದು. ನಮ್ಮ ಭಾಗಕ್ಕೆ ಧಾರವಾಡ ಆಕಾಶವಾಣಿ ಬಂದದ್ದು 1950ರ ಜನವರಿ 8ಕ್ಕೆ. ಅದೇ ತಿಂಗಳು 16ರಂದು ಲಂಡನ್ನಿನಲ್ಲಿ ಬಿಬಿಸಿ 'ಲಿಸನ್ ವಿತ್ ಮದರ್' ಶುರುಮಾಡಿತು. ತಾಯಿ, ಮಗು ಕೂಡಿ ಕೇಳಲಿ ಅಂತಲೇ ಮಾಡಿದ ಕಾಲು ತಾಸಿನ ಕಾರ್ಯಕ್ರಮ. 'ಪಾಡ್‌ಕಾಸ್ಟ್' ಅನ್ನುವ ಶಬ್ದ ಹುಟ್ಟಿದ್ದು 2004ರಲ್ಲಿ. ಕಾಲು ತಾಸಿನ ಲೆಕ್ಕ ಮಾತ್ರ ಇವತ್ತಿಗೂ ಸುಳ್ಳಾಗಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷ ದಾಟಿದರೆ ಹಿಂದಿನ ಸೀಟಿನಲ್ಲಿ ಕಾಲು ಕಾಲಿಗೆ ತಾಗುತ್ತದೆ, ಮುಂದಿನದನ್ನು ಹೇಳಬೇಕಿಲ್ಲ.

ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಮಕ್ಕಳ ಪಾಡ್‌ಕಾಸ್ಟ್ 'ಬ್ರೇನ್ಸ್ ಆನ್' ಶುರುವಾದದ್ದು 2012ರಲ್ಲಿ. ಅದರಲ್ಲಿ ಪ್ರತಿ ಸಲ ಒಂದು ಮಗು ಸಹನಿರೂಪಕನಾಗಿ ಕೂಡುತ್ತದೆ, ನಡುವೆ ಒಂದು ಗುಟ್ಟಿನ ಸದ್ದು ಕೇಳಿಸಿ 'ಇದೇನು, ಹೇಳಿ' ಅನ್ನುತ್ತಾರೆ. ಇಂಗ್ಲಿಷ್ ಬಾರದ ಅವ್ವ ಕೂಡ ಈ ಆಟಕ್ಕೆ ಕಿವಿಗೊಡುತ್ತಾಳೆ, ಸದ್ದಿಗೆ ಭಾಷೆ ಇಲ್ಲವಲ್ಲ. ನಾವು ಅದನ್ನು ಕದ್ದು ಮನೆಯ ಆಟ ಮಾಡಿಕೊಂಡೆವು. ಮಗಳು ಫೋನಿನಲ್ಲಿ ಸದ್ದು ಹಿಡಿದು ತರುತ್ತಾಳೆ, ಉಳಿದವರು ಹೇಳಬೇಕು. ಟಾಂಗಾ ಕುದುರೆಯ ಲಾಳ ಸ್ಟೇಷನ್ ರಸ್ತೆಯ ಡಾಂಬರಿನ ಮೇಲೆ ಟಕ್ ಟಕ್ ಅಂದದ್ದನ್ನು ಎಲ್ಲರೂ ಹಿಡಿದೆವು. ಇನ್ನೊಂದು, ದಪದಪ ಅನ್ನುವ ಮೆತ್ತಗಿನ ಸದ್ದು, ನಡುನಡುವೆ ತುಸು ಬಿಡುವು. ಮಗ ಡೋಲು ಅಂದ, ನಾನು ಯಾರೋ ಅರಿವೆ ಒಗೆಯುತ್ತಿದ್ದಾರೆ ಅಂದೆ. ಅವ್ವ ನಕ್ಕಳು: "ಜೋಳದ ರೊಟ್ಟಿ ಬಡಿಯೂದು. ಬಿಡುವು ಯಾಕಂದ್ರ, ಹಿಟ್ಟು ಹಚ್ಚಿ ತಿರುವ್ತಾರ." ಹದಿಮೂರರ ಇಯರ್‌ಫೋನ್ ಆವತ್ತು ಕಿವಿಯಿಂದ ಇಳಿದದ್ದು ಸಂಜೆತನಕ ಏರಲಿಲ್ಲ.

ಕನ್ನಡದಲ್ಲಿ ಏನಿದೆ ಅಂತ ಹುಡುಕಿದರೆ, ದೊಡ್ಡವರ ಹರಟೆಗೆ ಬರವಿಲ್ಲ. 2018ರಲ್ಲಿ ಶುರುವಾದ 'ತಲೆ-ಹರಟೆ' ಇತಿಹಾಸ, ಅರ್ಥಶಾಸ್ತ್ರ ಎಲ್ಲವನ್ನೂ ಕನ್ನಡದಲ್ಲಿ ಆರಾಮಾಗಿ ಮಾತಾಡುತ್ತದೆ. ಹೈಸ್ಕೂಲಿನ ಮಕ್ಕಳಿದ್ದರೆ ಒಂದೊಂದು ಕಂತು ಆರಿಸಿ ಜೊತೆಗೆ ಕೇಳಬಹುದು. ಸಣ್ಣವರಿಗೆ ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್'ನಲ್ಲಿ ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಅವುಗಳಿಗೆ ನಿಮ್ಮದೇ ದನಿ ಸಾಕು. ಇನ್ನು ಕಥೆಯ ಚಾನೆಲ್‌ಗಳು ಬೇಕಾದಷ್ಟಿವೆ, ಆದರೆ ಬಹಳಷ್ಟು ಕಡೆ ರಾಜನೂ ಬೆಂಗಳೂರಿನವನು, ಕತ್ತೆಯೂ ಬೆಂಗಳೂರಿನದು. 'ಹೋಗ್ತಾ ಇದೀನಿ' ಅನ್ನುವ ಹುಲಿಯನ್ನು ಕೇಳಿ ನನ್ನ ಮಗ ನಗುತ್ತಾನೆ. ದೂರು ಅಲ್ಲ ಇದು. ಆದರೆ 'ಹೊಂಟೀನಿ' ಅನ್ನುವ ಹುಲಿಯೊಂದು ಇದ್ದಿದ್ದರೆ ಅಂತ ಅನಿಸುವುದು ಸುಳ್ಳಲ್ಲ.

ಇಲ್ಲಿಯ ಮನೆಗಳು ಕೂಡಿ ಕೇಳುವ ಒಂದು ದನಿ ಇದೆ, ಅದನ್ನು ಯಾರೂ ಪಾಡ್‌ಕಾಸ್ಟ್ ಅನ್ನುವುದಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಅವರ ಪ್ರವಚನಗಳ ಧ್ವನಿಮುದ್ರಣ ಮಾತ್ರ ಬೆಳಗಿನ ಹೊತ್ತು ಅಂಗಡಿ, ಅಡುಗೆಮನೆ, ಹೊಲದ ಶೆಡ್ಡುಗಳಲ್ಲಿ ನಡೆದೇ ಇದೆ. ಮರ, ನದಿ, ಹಕ್ಕಿ ಅನ್ನುತ್ತಲೇ ದೊಡ್ಡ ಮಾತಿಗೆ ಬರುತ್ತಾರೆ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬ ಮನುಷ್ಯ ಉಸಿರಾಡಿ ಯೋಚಿಸುವಷ್ಟು ಬಿಡುವು. ಎಂಟು ವರ್ಷದವನಿಗೆ ಅರ್ಧ ತಿಳಿಯುವುದಿಲ್ಲ. ಆದರೂ ಕೂಡುತ್ತಾನೆ, ನಡುವೆ ಆಯಿಯನ್ನು ಕೇಳುತ್ತಾನೆ, ಆಯಿ ನಿಲ್ಲಿಸಿ ಹೇಳುತ್ತಾಳೆ. ನಿಲ್ಲಿಸುವ ಗುಂಡಿಯ ಮೇಲೆ ಎಷ್ಟು ಸಲ ಬೆರಳು ಬಿತ್ತು ಅನ್ನುವುದೇ ನನ್ನ ಮಟ್ಟಿಗೆ ಒಂದು ಕಾರ್ಯಕ್ರಮದ ಬೆಲೆ. ಸೊನ್ನೆ ಸಲ ಅಂದರೆ ಅದು ಮಕ್ಕಳನ್ನು ಸುಮ್ಮನಿರಿಸುವ ಔಷಧ.

ಕೆಲಸದ ಮಾತು ಎರಡೇ. ಮೊದಲು ನೀವೊಬ್ಬರೇ ಕೇಳಿ. ಕಥೆ ಮುಗಿದ ಮೇಲೆ ತಾನಾಗಿ ಬರುವ ಮುಂದಿನ ಕಂತು ಯಾರದೋ ಏನೋ. ಆಮೇಲೆ ಡೌನ್‌ಲೋಡ್ ಮಾಡಿ ಫೋನ್ ಬೋರಲು ಹಾಕಿ. ಪರದೆ ಕಂಡರೆ ಕಿವಿ ಸೋಲುತ್ತದೆ.

ತಿಕೋಟಾದ ತಂಗಿಯ ಮನೆಯಲ್ಲಿ ದ್ರಾಕ್ಷಿ ಪಡ ಇದೆ. ಏಪ್ರಿಲ್ ಹೊತ್ತಿಗೆ ಶೆಡ್ಡಿನಲ್ಲಿ ಮಣೂಕ ಒಣಗಿ ರಾಶಿಯಾಗಿರುತ್ತದೆ, ಹೆಂಗಸರು ಸುತ್ತ ಕೂತು ಕಡ್ಡಿ, ಕರಿ ಕಾಳು ಆರಿಸುತ್ತಾರೆ. ಅಂಥ ಒಂದು ಮಧ್ಯಾಹ್ನ, ಕಥೆ ಹಚ್ಚಿಟ್ಟಿದ್ದ ಸ್ಪೀಕರಿನ ಬ್ಯಾಟರಿ ಸತ್ತಿತು. ಮಕ್ಕಳು ಗೋಳಿಟ್ಟರು. ಆಗ ನಾನು ಎ.ಕೆ. ರಾಮಾನುಜನ್ ಬಿಟ್ಟುಹೋದ ಒಂದು ಕಥೆ ಹೇಳಿದೆ. ಐವತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳಿಕೊಂಡಿದ್ದವರು, ಈ ಸೀಮೆಯ ಕಥೆಗಳನ್ನು ಕೂಡಿಹಾಕಿದವರು. ಒಬ್ಬ ಹೆಣ್ಣುಮಗಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಕಥೆ, ಹಾಡು ಎರಡೂ ಅವಳು ಮಲಗಿದಾಗ ತೆರೆದ ಬಾಯಿಂದ ಹೊರಬಿದ್ದು, ಒಂದು ಜೋಡಾಗಿ ಬಾಗಿಲಲ್ಲಿ ಕೂತು, ಇನ್ನೊಂದು ಅಂಗಿಯಾಗಿ ಗೂಟಕ್ಕೆ ನೇತು ಗಂಡನ ತಲೆಯಲ್ಲಿ ಸಂಶಯ ಬಿತ್ತುತ್ತವೆ. ಕೊನೆಗೆ ಗುಟ್ಟು ಬಿಚ್ಚುವುದು ರಾತ್ರಿ ಹನುಮಪ್ಪನ ಗುಡಿಯಲ್ಲಿ ಹರಟೆಗೆ ಸೇರುವ ಊರಿನ ದೀಪಗಳು.

ಮಣೂಕ ಆರಿಸುತ್ತಿದ್ದ ಒಬ್ಬಾಕೆ ಅರ್ಧಕ್ಕೇ ತಡೆದಳು: "ಅದು ಹಂಗಲ್ರಿ, ನಮ್ಮೂರಾಗ ಬ್ಯಾರೆ ಐತಿ." ಮುಂದಿನದನ್ನು ಅವಳೇ ಹೇಳಿದಳು, ಕೈ ನಿಲ್ಲಿಸದೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಬಾಯಿಗಳಿಂದಲೇ 'ಗರತಿಯ ಹಾಡು' ಬರೆದುಕೊಂಡು 1931ರಲ್ಲಿ ಪುಸ್ತಕ ಮಾಡಿದರು. ನನ್ನ ಮಗಳು ಫೋನಿನ ರೆಕಾರ್ಡರ್ ಒತ್ತಿದ್ದು ಆಮೇಲೆ ಗೊತ್ತಾಯಿತು.

ಆ ಹನ್ನೊಂದು ನಿಮಿಷದ ದನಿ, ಹೇಳಿದಾಕೆಯನ್ನು ಕೇಳಿಯೇ, ಪುಣೆಯಲ್ಲಿರುವ ನನ್ನ ತಮ್ಮನ ಮಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಹೋಯಿತು. ಹಿಂದೆ ಕುಕ್ಕರ್ ಸೀಟಿ, ಯಾರದೋ ಕೆಮ್ಮು, ಟ್ರ್ಯಾಕ್ಟರ್. ನಡುವೆ ಎರಡು ಕಡೆ ಆಕೆ ಕಾಳು ನೋಡುತ್ತ ಸುಮ್ಮನಾಗಿದ್ದಾಳೆ; ಕತ್ತರಿಸೋಣವೇ ಅಂದ ಮಗಳಿಗೆ ಅವ್ವ ಬೇಡ ಅಂದಳು.

ರಾತ್ರಿ ಪುಣೆಯಿಂದ ಉತ್ತರ ಬಂತು. ಎರಡು ಸೆಕೆಂಡಿನ ಧ್ವನಿ ಸಂದೇಶ. ಅವ್ವ ಫೋನ್ ಕಿವಿಗೆ ಹಿಡಿದಳು.

"ಹ್ಞೂಂ. ಮುಂದ?"