ಅಂಗಳದಲ್ಲಿ ಹೆಣೆಯುವ ದೋಣಿ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ಹಾದು ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಪಾಲು ಜನ ಬೆಟ್ಟದಲ್ಲೇ ಇಳಿದುಬಿಡುತ್ತಾರೆ. ಆಚೆ ಪಾಲಾರ್‌ಗೆ ಇಳಿದು, ಗೋಪಿನಾಥಂ ದಾಟಿ ಹೊಗೆನಕಲ್‌ವರೆಗೆ ಹೋಗುವವರು ಕಡಿಮೆ. ಗೋಪಿನಾಥಂ ಎಂದರೆ ಸಾಕು, ವೀರಪ್ಪನ್ ಹುಟ್ಟಿದ ಊರು ಎಂದು ಮಾತು ಶುರುವಾಗಿ ಅಲ್ಲೇ ಮುಗಿಯುತ್ತದೆ. ಈ ಸೀಮೆಯ ಹೊಳೆದಂಡೆಯ ಕಸುಬಿನ ಬಗ್ಗೆ ಕೇಳುವವರೇ ಇಲ್ಲ. ಆ ಕಸುಬು ಬಿದಿರಿನ ಬುಟ್ಟಿದೋಣಿಯಾದ ತೆಪ್ಪದ್ದು.

ಮನೆಯಲ್ಲೇ ಕೂತು ದೋಣಿ ಕಟ್ಟುವ ಹವ್ಯಾಸಕ್ಕೆ ಪಶ್ಚಿಮದಲ್ಲಿ ದೊಡ್ಡ ಹೆಸರಿದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ‘ಆಪ್ಟಿಮಿಸ್ಟ್’ ಎಂಬ ಪುಟ್ಟ ಹಾಯಿದೋಣಿ ರೂಪಿಸಿದ. 1963ರಲ್ಲಿ ಇಂಗ್ಲೆಂಡಿನ ‘ಡೈಲಿ ಮಿರರ್’ ಪತ್ರಿಕೆ, ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಸಂದಿಗೆ ಅಂಟು ಮೆತ್ತಿ ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳಬಹುದಾದ ‘ಮಿರರ್’ ದೋಣಿಯ ಸಾಮಾನನ್ನು 63 ಪೌಂಡಿನ ಆಸುಪಾಸಿನಲ್ಲಿ ಮಾರಿತು. ಅದರ ಕೆಂಪು ಹಾಯಿ ಇಂದಿಗೂ ಪ್ರಸಿದ್ಧ. ಒಳ್ಳೆಯ ಕೆಲಸವೇ. ಆದರೆ ಅಂಗಡಿಯ ಹಲಗೆ, ಅಚ್ಚು ಹಾಕಿದ ನಕ್ಷೆ ಯಾವುದೂ ಇಲ್ಲದೆ ಅಂಗಳದಲ್ಲಿ ದೋಣಿ ಮಾಡುವ ವಿದ್ಯೆ ಕಾವೇರಿ ದಂಡೆಯಲ್ಲಿ ಶತಮಾನಗಳಿಂದ ಇದೆ.

ಬಲಿತ ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡುವುದರಿಂದ ಕೆಲಸ ಶುರು. ಒಳಮೈಯನ್ನು ಮಚ್ಚಿನಿಂದ ಹೆರೆದು ತೆಳುವಾಗಿಸದಿದ್ದರೆ ದಬ್ಬೆ ಬಾಗುವ ಕಡೆ ಮುರಿಯುತ್ತದೆ. ಮಟ್ಟಸವಾದ ನೆಲದ ಮೇಲೆ ದಬ್ಬೆಗಳನ್ನು ಅಡ್ಡಡ್ಡ, ಓರೆ ಓರೆಯಾಗಿ ಒಂದರ ಕೆಳಗೊಂದು ತೂರಿಸಿ ಹೆಣೆದಾಗ ನಡುವೆ ಆರು ಮೂಲೆಯ ಕಣ್ಣುಗಳು ಮೂಡುತ್ತವೆ. ತಳ ಸಾಕಷ್ಟು ಅಗಲವಾದ ಮೇಲೆ ಅದರ ಮೇಲೆ ಕಲ್ಲು ಹೇರುತ್ತಾರೆ. ಆಮೇಲೆ ಸುತ್ತ ಚಾಚಿಕೊಂಡಿರುವ ದಬ್ಬೆಯ ತುದಿಗಳನ್ನು ಮೇಲಕ್ಕೆ ಬಾಗಿಸುತ್ತ ಬದಿಯನ್ನು ಹೆಣೆಯುತ್ತ ಹೋಗುವುದು. ಕಲ್ಲಿನ ಭಾರ ತಳವನ್ನು ಚಪ್ಪಟೆಯಾಗಿ ಹಿಡಿದಿರುತ್ತದೆ, ಬಿದಿರಿನ ಬಿಗುವು ಅಂಚನ್ನು ಎಳೆದು ನಿಲ್ಲಿಸುತ್ತದೆ. ಕೊನೆಗೆ ಅಂಚಿಗೆ ಹಲವು ಸುತ್ತು ದಬ್ಬೆ ಸುತ್ತಿ ದಪ್ಪ ಬಳೆಯಂತೆ ಬಿಗಿಯುತ್ತಾರೆ. ಇಡೀ ದೋಣಿಯಲ್ಲಿ ಒಂದು ಮೊಳೆಯೂ ಇಲ್ಲ.

ಮುಂದಿನದು ಹೊದಿಕೆ. ಹಿಂದೆ ಎಮ್ಮೆ, ದನದ ಚರ್ಮವನ್ನು ಹೊಲಿದು ಬಿಗಿಯುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಇಲ್ಲವೇ ಟಾರ್ಪಾಲು, ಅದರ ಮೇಲೆ ಬಿಸಿ ಡಾಂಬರು. ತೂತು ಬಿದ್ದರೆ ಇನ್ನೊಂದು ತುಂಡು, ಇನ್ನಷ್ಟು ಡಾಂಬರು, ರಿಪೇರಿ ಅಷ್ಟೇ. ಮೀನು ಹಿಡಿಯುವವರ ಸಣ್ಣ ತೆಪ್ಪವನ್ನು ಒಬ್ಬರೇ ಬೆನ್ನಿಗೆ ಕವುಚಿಕೊಂಡು ನಡೆದುಬಿಡುತ್ತಾರೆ. ದೂರದಿಂದ ನೋಡಿದರೆ ತೆಪ್ಪಕ್ಕೇ ಕಾಲು ಬಂದಂತೆ.

ಇದಕ್ಕೆ ಹಾಯಿ ಏಕಿಲ್ಲ? ಹಾಯಿದೋಣಿ ಗಾಳಿಗೆ ಅಡ್ಡವಾಗಿ ನೆಟ್ಟಗೆ ಸಾಗಬೇಕಾದರೆ ನೀರಿನೊಳಕ್ಕೆ ಇಳಿದ ಹಲಗೆಯೊಂದು ತಳವನ್ನು ಹಿಡಿದಿರಬೇಕು. ತೆಪ್ಪಕ್ಕೆ ಅಂಥದ್ದು ಬೇಡ, ಇರಲೂ ಕೂಡದು. ಗೇಣುದ್ದವೂ ಆಳವಿಲ್ಲದ ನೀರಿನಲ್ಲಿ ಬಂಡೆಯ ಮೇಲೆ ಸವರಿಕೊಂಡು ಹೋಗುವುದೇ ಅದರ ಗುಣ. ಬಂಡೆಗೆ ತಗುಲಿದರೆ ಮರದ ದೋಣಿ ಸೀಳೀತು, ತೆಪ್ಪ ಕೊಂಚ ಒಳಸರಿದು ಮತ್ತೆ ಚಿಮ್ಮುತ್ತದೆ. ಹುಟ್ಟು ಹಾಕುವವರು ಮುಂದೆ ಕೂತು, ಎಡಕ್ಕೂ ಬಲಕ್ಕೂ ನೀರನ್ನು ತಮ್ಮತ್ತ ಎಳೆಯುತ್ತ ಸಾಗುತ್ತಾರೆ. ಒಂದೇ ಕಡೆ ಎಳೆದರೆ ತೆಪ್ಪ ಗಿರಗಿರ ತಿರುಗುತ್ತದೆ. ಪ್ರವಾಸಿಗರಿಗೆ ಅದು ಮೋಜು, ಅಂಬಿಗರಿಗೆ ಕಲಿಕೆಯ ಮೊದಲ ದಿನದ ತಪ್ಪು.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ತುಂಗಭದ್ರೆ ದಾಟಿಸುತ್ತಿದ್ದ ಚರ್ಮ ಹೊದ್ದ ಬುಟ್ಟಿದೋಣಿಗಳನ್ನು ಬಣ್ಣಿಸಿದ್ದಾನೆ. ಹದಿನೈದಿಪ್ಪತ್ತು ಮಂದಿ ಕೂರುತ್ತಿದ್ದರಂತೆ, ಅಗತ್ಯಬಿದ್ದರೆ ಕುದುರೆ, ಎತ್ತೂ ಹತ್ತುತ್ತಿದ್ದವಂತೆ. ಅವು ನೆಟ್ಟಗೆ ಹೋಗದೆ ಸುತ್ತುತ್ತಿದ್ದದ್ದೂ ಅವನ ಕಣ್ಣಿಗೆ ಬಿದ್ದಿದೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ತೆಪ್ಪಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ಆಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಸೇರಿದ್ದು. ಹೊಳೆಯ ಈ ದಡ, ಆ ದಡ ಎರಡೂ ಆಗ ಮದ್ರಾಸಿನವೇ. ಈಗಲೂ ಹೊಗೆನಕಲ್‌ನಲ್ಲಿ ತಮಿಳರು ಪರಿಸಲ್ ಎನ್ನುತ್ತಾರೆ, ನಮ್ಮವರು ತೆಪ್ಪ ಎನ್ನುತ್ತಾರೆ, ಹೆಣಿಗೆ ಒಂದೇ.

ಕಸುಬಿಗೆ ಈಗ ಕಷ್ಟ ಬಂದಿರುವುದು ಬಿದಿರಿನ ಕಡೆಯಿಂದ. ಹೊಳೆದಂಡೆಯ ಈ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಕಣ್ಣೆದುರಿನ ಮೆಳೆಗೆ ಮಚ್ಚು ಹಾಕುವಂತಿಲ್ಲ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯ್ದೆಯ 2017ರ ತಿದ್ದುಪಡಿ ಮರದ ಪಟ್ಟಿಯಿಂದ ಕೈಬಿಟ್ಟಿದೆ, ಕಡಿಯಲು ಸಾಗಿಸಲು ಮೊದಲಿನ ತೊಡಕಿಲ್ಲ. ಆದರೆ ಬೆಳೆಯುವವರು ಬೇಕಲ್ಲ? ಆನೆ ಓಡಾಡುವ ಸೀಮೆಯಲ್ಲಿ ಜಮೀನಿನ ಬದುವಿಗೆ ಬಿದಿರು ನೆಡಲು ರೈತರು ಹಿಂದೆಗೆಯುವುದು ಸಹಜ. ಈ ನಡುವೆ ಫೈಬರ್ ತೆಪ್ಪಗಳು ಬಂದಿವೆ. ಅವು ಬಾಳಿಕೆ ಬರುತ್ತವೆ, ನಿಜ. ಆದರೆ ಅವು ಕಾರ್ಖಾನೆಯ ಸರಕು. ಒಡೆದರೆ ಅಂಗಳದಲ್ಲಿ ಬಿಚ್ಚಿ ಹೆಣೆಯಲು ಬರುವುದಿಲ್ಲ. ಹೆಣೆಯುವ ಕೈಗಳಿಗೆ ಕೂಲಿ ಹುಟ್ಟದಿದ್ದರೆ ಪಾಯಸ್ ಕಂಡ ದೋಣಿ ಮುಂದಿನ ತಲೆಮಾರಿಗೆ ವಸ್ತುಸಂಗ್ರಹಾಲಯದಲ್ಲಷ್ಟೇ ಸಿಗುತ್ತದೆ. ಪ್ರವಾಸದ ಹೆಸರಿನಲ್ಲಿ ಸವಾರಿಯ ಟಿಕೆಟು ಮಾರುವವರು ಹೆಣಿಗೆಯ ಒಂದು ಶಿಬಿರವನ್ನಾದರೂ ನಡೆಸಬಹುದು. ಅದಕ್ಕೆ ದೊಡ್ಡ ಕಟ್ಟಡ ಬೇಡ, ಒಂದು ಅಂಗಳ ಸಾಕು.

ನೋಡಲು ಹೋಗುವವರಿಗೆ ಎರಡು ಮಾತು. ಕೆಆರ್‌ಎಸ್, ಕಬಿನಿಯ ಹೊರಹರಿವು ಹೆಚ್ಚಿದರೆ ಹೊಗೆನಕಲ್‌ನಲ್ಲಿ ತೆಪ್ಪ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಹೊಳೆಯ ಹರಿವು ಅಳೆಯುವ ಬಿಳಿಗುಂಡ್ಲುವಿನ ನೀರಿನ ಸುದ್ದಿ ನೋಡಿಕೊಂಡೇ ಹೊರಡಿ. ಹತ್ತುವ ಮುನ್ನ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಕೊಡದಿದ್ದರೆ ಹತ್ತಬೇಡಿ.